ಕಡಲಂಚಿನ ಮನೆಗೆ ಕಬ್ಬಿಣ ಕಟ್ಟುವಾಗ

ಮನೆ ಕಟ್ಟಿಸುವವರು ಬಾರ್ ಬೆಂಡಿಂಗ್ ಕೆಲಸದವರನ್ನು, ಅಂದರೆ ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವ ನಮ್ಮಂಥವರನ್ನು, ಮೊದಲು ಕೇಳುವುದು ಎರಡೇ ಮಾತು. ಒಟ್ಟು ಎಷ್ಟು ಟನ್ ಬೇಕಾಗ್ತದೆ? ಯಾವ ಕಂಪನಿಯದ್ದು ತರಲಿ? ಎರಡೂ ಕೇಳಬೇಕಾದ್ದೇ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಈ ಕರಾವಳಿ ಪಟ್ಟಿಯಲ್ಲಿ ಕಬ್ಬಿಣ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಸರಳನ್ನು ಹೊರಗಿನಿಂದ ಮುಚ್ಚುವ ಕಾಂಕ್ರೀಟಿನ ದಪ್ಪ. ಅದನ್ನು ನಾವು ಕವರ್ ಅಂತೇವೆ.

ಸಿಮೆಂಟಿನ ಕ್ಷಾರದಿಂದ ಸರಳಿನ ಮೈಮೇಲೆ ತೆಳ್ಳನೆಯ ಪೊರೆ ಕಟ್ಟಿರುತ್ತದೆ. ಅದು ಇರುವ ತನಕ ತುಕ್ಕಿನ ಭಯ ಇಲ್ಲ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ವರ್ಷಗಟ್ಟಲೆ ಇಳಿದು ಸರಳಿಗೆ ತಲುಪಿದಾಗ ಪೊರೆ ಒಡೆಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಅದು ಒಳಗಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಹಳೆ ಮನೆಗಳ ಸಜ್ಜಾದ ಅಡಿಯಲ್ಲಿ ಹಕ್ಕಳೆ ಬಿದ್ದು ಕೆಂಪು ಸರಳು ಕಾಣುತ್ತದಲ್ವಾ, ಕರಾವಳಿಯಲ್ಲಿ ಹೆಚ್ಚಾಗಿ ಅದು ಇದೇ.

ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456:2000 ಸಂಹಿತೆಯ ಪ್ರಕಾರ ಕಡಲ ಹವೆಗೆ ನೇರ ತೆರೆದುಕೊಂಡ ಕಾಂಕ್ರೀಟಿಗೆ 45 ಮಿ.ಮೀ. ಕವರ್, ಎಂ30 ಕಾಂಕ್ರೀಟ್ ಬೇಕು (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ). ಸಮುದ್ರದ ನೀರು ಸಿಡಿಯುವ ಜಾಗಕ್ಕೆ 50 ಮಿ.ಮೀ., ಎಂ35. ಉಪ್ಪು ಗಾಳಿ ನೇರ ತಾಗದ ಒಳಭಾಗಕ್ಕೂ 30 ಮಿ.ಮೀ. ಇರಬೇಕು. ಸ್ಲ್ಯಾಬಿಗೆ 20 ಮಿ.ಮೀ. ಎಂಬುದು ಒಳನಾಡಿನ ಲೆಕ್ಕ. ಹಾಗಂತ ಸೈಟಿನಲ್ಲಿ ಮೇಸ್ತ್ರಿ ತಾನೇ ಸರಳನ್ನು ಮೇಲೆತ್ತಿ ಕಟ್ಟುವಂತಿಲ್ಲ. ಸ್ಲ್ಯಾಬಿನ ದಪ್ಪ ಅಷ್ಟೇ ಇಟ್ಟು ಕವರ್ ಮಾತ್ರ ಹೆಚ್ಚಿಸಿದರೆ ಬಲ ಕಡಿಮೆಯಾಗುತ್ತದೆ. ನಕ್ಷೆ ಮಾಡುವಾಗಲೇ ಇಂಜಿನಿಯರಿಗೆ ಹೇಳಿ.

ಕವರ್ ಉಳಿಯಲೆಂದು ಸರಳು ಮತ್ತು ಹಲಗೆಯ ನಡುವೆ ಇಡುವ ಕವರ್ ಬ್ಲಾಕಿನಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಜಲ್ಲಿ ಚೂರು, ಟೈಲ್ಸ್ ತುಂಡು, ಕೆಲವು ಕಡೆ ಮರದ ಚಕ್ಕೆ ಕೂಡ ಇಡುತ್ತಾರೆ. ಜಲ್ಲಿ ಜಾರುತ್ತದೆ. ಮರ ಕೊಳೆತು ನೀರಿಗೆ ನೇರ ದಾರಿ ಮಾಡಿಕೊಡುತ್ತದೆ. ಸ್ಲ್ಯಾಬಿನಷ್ಟೇ ಗಟ್ಟಿ ಕಾಂಕ್ರೀಟಿನಲ್ಲಿ ಮಾಡಿ, ಚೆನ್ನಾಗಿ ನೀರುಣಿಸಿದ ಬ್ಲಾಕ್ ಬೇಕು. ಅದನ್ನು ತಂತಿಯಿಂದ ಸರಳಿಗೆ ಕಟ್ಟಬೇಕು. ಬೈಂಡಿಂಗ್ ವೈರಿನ ಬಾಲ ನೋಡಿ. ಹುಕ್ಕಿನಿಂದ ಬಿಗಿದ ಮೇಲೆ ಉಳಿಯುವ ಆ ಎರಡು ತುದಿಗಳನ್ನು ಒಳಕ್ಕೆ ಮಡಚಬೇಕು. ಹೊರಕ್ಕೆ ಚಾಚಿದ್ದು ಶಟರಿಂಗ್ ಹಲಗೆಗೆ ತಾಗಿದರೆ, ಮೊದಲ ಮಳೆಗಾಲದಲ್ಲೇ ಅಲ್ಲಿ ತುಕ್ಕಿನ ಕಲೆ ಏಳುತ್ತದೆ.

ಬಾಲ್ಕನಿ, ಸಜ್ಜಾದಂಥ ಹೊರಚಾಚಿದ ಭಾಗಗಳಲ್ಲಿ ಮುಖ್ಯ ಸರಳು ಮೇಲಿರುತ್ತದೆ. ಕಾಂಕ್ರೀಟ್ ದಿನ ಬುಟ್ಟಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ. ಸರಳು ಕೆಳಕ್ಕೆ ಕುಸಿಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. 100 ಮಿ.ಮೀ. ದಪ್ಪದ ಸಜ್ಜಾದಲ್ಲಿ 25 ಮಿ.ಮೀ. ಕುಸಿದರೆ ಬಲದ ದೊಡ್ಡ ಪಾಲೇ ಹೋಯಿತು. ಅಡಿಯಲ್ಲಿ ಕಬ್ಬಿಣದ ಚೇರ್, ಅಂದರೆ ಮೇಲಿನ ಸರಳನ್ನು ಎತ್ತಿ ಹಿಡಿಯುವ ಬಗ್ಗಿಸಿದ ಸರಳಿನ ಕಾಲು, ಹತ್ತಿರ ಹತ್ತಿರ ಇಡಿಸಿ, ನಡೆಯಲು ಹಲಗೆ ಹಾಕಿಸಿ. ಕಬ್ಬಿಣ ಕಟ್ಟಿದವರಲ್ಲಿ ಒಬ್ಬನಾದರೂ ಅಂದು ಸಂಜೆ ತನಕ ನಿಂತು, ಕುಸಿದದ್ದನ್ನು ಎತ್ತುತ್ತಾ ಇರಬೇಕು. ಆ ಒಂದು ದಿನದ ಕೂಲಿಗೆ ಚೌಕಾಸಿ ಬೇಡ.

ಮರಳು, ನೀರಿನ ಮೂಲಕವೂ ಉಪ್ಪು ಒಳಗೆ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಯಾವುದೇ ಇರಲಿ, ಭರತದ ನೀರು ಏರುವ ಭಾಗದ ಮರಳಿನಲ್ಲಿ ಉಪ್ಪಿರುತ್ತದೆ. ಬೇಸಿಗೆಯಲ್ಲಿ ಕಡಲ ಹತ್ತಿರದ ಬಾವಿಗಳೂ ಸವಳಾಗುತ್ತವೆ. ಕಬ್ಬಿಣ ಹಾಕುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಪರೀಕ್ಷೆ ಮಾಡಿಸಿ.

ಇನ್ನು, ಮುಂದೆ ಮಹಡಿ ಕಟ್ಟೋಣ ಎಂದು ತಾರಸಿ ಮೇಲೆ ಬಿಟ್ಟ ಸರಳುಗಳು. ನಮ್ಮ ಊರುಗಳಲ್ಲಿ ಇವು ವರ್ಷಗಟ್ಟಲೆ ಮಳೆ, ಉಪ್ಪು ಗಾಳಿ ತಿನ್ನುತ್ತಾ ನಿಂತಿರುತ್ತವೆ. ಮೇಲಿನ ತೆಳು ಕೆಂಪು ವೈರ್ ಬ್ರಷ್ಷಿಗೆ ಹೋದರೆ ತೊಂದರೆಯಿಲ್ಲ. ಪದರ ಪದರವಾಗಿ ಉದುರಿ ಸರಳು ಸಣ್ಣಗಾಗಿದ್ದರೆ ಅದಕ್ಕೆ ಹೊಸ ಸರಳು ಲ್ಯಾಪ್ ಕಟ್ಟಿ, ಅಂದರೆ ಪಕ್ಕಕ್ಕೆ ಸೇರಿಸಿ ಕಟ್ಟಿ, ಪ್ರಯೋಜನ ಇಲ್ಲ. ಪಿಲ್ಲರನ್ನು ಕೆಳಗಿನವರೆಗೆ ಒಡೆದು ಗಟ್ಟಿ ಸರಳು ಹುಡುಕಬೇಕಾಗುತ್ತದೆ. ಅದಕ್ಕೇ ತಾರಸಿ ಮುಗಿದ ವಾರವೇ ಆ ತುದಿಗಳಿಗೆ ಸಿಮೆಂಟ್ ಹಾಲು ಬಳಿದು, ಸುತ್ತ ಸಿಮೆಂಟ್ ಕಡಿಮೆ ಹಾಕಿದ ಬಡಕಲು ಕಾಂಕ್ರೀಟ್ ತುಂಬಿಸಿಬಿಡಿ. ಮಹಡಿ ಏರಿಸುವ ವರ್ಷ ಅದನ್ನು ಸುತ್ತಿಗೆಯಲ್ಲಿ ಸುಲಭವಾಗಿ ಒಡೆಯಬಹುದು.