ಹೊಕ್ಕ ಇನ್ಸುಲಿನ್ ಹಿಂದೆ ಬಾರದು

ಪೆರ್ಲದಲ್ಲಿರುವ ತಂಗಿಯ ಮಗಳಿಗೆ ಈಗ ಹದಿಮೂರು. ಸಂಜೆ ವಾಲಿಬಾಲ್‌ಗೆ ಹೊರಡುವ ಮುಂಚೆ ಜಗಲಿಯಲ್ಲಿ ಕೂತು ಬೆರಳ ತುದಿಗೆ ಸೂಜಿ ಚುಚ್ಚುತ್ತಾಳೆ. ಸಾಸಿವೆಯಷ್ಟು ರಕ್ತವನ್ನು ಪಟ್ಟಿಗೆ ತಾಗಿಸಿ ಮೀಟರ್ ನೋಡುತ್ತಾಳೆ. 92 ತೋರಿಸಿದರೆ ಒಂದು ಬಾಳೆಹಣ್ಣು ತಿಂದು ಹೊರಡುವುದು, 160 ಇದ್ದರೆ ಹಾಗೇ ಓಡುವುದು. ಅವಳಿಗೆ ಟೈಪ್ 1 ಮಧುಮೇಹ. "ಇಷ್ಟು ಸಣ್ಣವಳಿಗೆ ಸಕ್ಕರೆ ಕಾಯಿಲೆಯಾ? ಸಿಹಿ ಜಾಸ್ತಿ ಕೊಟ್ಟಿರಾ?" ಎಂದು ನೆಂಟರು ಕೇಳಿದಾಗ ತಂಗಿಯ ಮುಖ ಬಾಡುತ್ತದೆ. ಸಿಹಿ ತಿಂದು ಬರುವ ಕಾಯಿಲೆಯಲ್ಲ ಇದು. ದೇಹದ ಕಾವಲು ಪಡೆಯೇ ದಾರಿ ತಪ್ಪಿ, ರಕ್ತದ ಸಕ್ಕರೆ ತಗ್ಗಿಸುವ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದುಹಾಕಿರುತ್ತದೆ.

ಅವಳಿಗೆ ನಾನು ಕೆನಡಾದ ಮ್ಯಾಕ್ಸ್ ಡೋಮಿಯ ಕಥೆ ಹೇಳುತ್ತೇನೆ. ಅವನದು ಮಂಜುಗಡ್ಡೆಯ ಮೇಲಿನ ಐಸ್ ಹಾಕಿ. 12ನೇ ವಯಸ್ಸಿನಲ್ಲಿ ಟೈಪ್ 1 ಪತ್ತೆಯಾಯಿತು, ಜೊತೆಗೆ ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯೂ ಇದೆ. 2015ರ ಜನವರಿ 5ರಂದು ಟೊರೊಂಟೊದಲ್ಲಿ ನಡೆದ ವಿಶ್ವ ಜೂನಿಯರ್ ಫೈನಲ್‌ನಲ್ಲಿ ಕೆನಡಾ ರಷ್ಯಾವನ್ನು 5–4ರಿಂದ ಸೋಲಿಸಿದಾಗ, 19ರ ಡೋಮಿ ಟೂರ್ನಿಯ ಶ್ರೇಷ್ಠ ಫಾರ್ವರ್ಡ್ ಆಗಿದ್ದ. 1922ರ ಜನವರಿಯಲ್ಲಿ, ಅದೇ ಊರಿನ ಆಸ್ಪತ್ರೆಯಲ್ಲಿ, 14ರ ಲಿಯೊನಾರ್ಡ್ ಥಾಂಪ್ಸನ್‌ಗೆ ಜಗತ್ತಿನ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟಿದ್ದರು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಸ್ವಲ್ಪ ಮುಂದೂಡುವುದಷ್ಟೇ ವೈದ್ಯರ ಕೈಲಿತ್ತು.

ಇನ್ಸುಲಿನ್ ಸಿಕ್ಕರೂ ಆಟ ಸುಲಭವಲ್ಲ. ನಾವು ನೀವು ಓಡಲು ಶುರುಮಾಡಿದ ಕೂಡಲೇ ದೇಹ ತಾನಾಗಿ ಇನ್ಸುಲಿನ್ ತಗ್ಗಿಸುತ್ತದೆ, ಲಿವರ್ ತನ್ನ ಕಣಜದಿಂದ ಗ್ಲೂಕೋಸ್ ಬಿಟ್ಟುಕೊಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ಗೆ ಆಟ ಶುರುವಾದದ್ದು ಗೊತ್ತಾಗುವುದಿಲ್ಲ. ಒಳಹೊಕ್ಕ ಮೇಲೆ ಅದನ್ನು ಹಿಂದೆ ಕರೆಯುವಂತಿಲ್ಲ. ಇತ್ತ ದುಡಿಯುವ ಸ್ನಾಯು ಇನ್ಸುಲಿನ್‌ನ ಹಂಗಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಎರಡೂ ಸೇರಿದರೆ ಸಕ್ಕರೆ ಕುಸಿಯುತ್ತದೆ. ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಎದುರಿಗೆ ಬಂದ ಚೆಂಡು ಎಲ್ಲಿದೆ ಎಂದೇ ತೋಚುವುದಿಲ್ಲ. ಐಸ್ ಹಾಕಿಯಲ್ಲಿ ಇನ್ನೊಂದು ತೊಡಕು. ಮುಕ್ಕಾಲು ನಿಮಿಷ ಮೈಮುರಿದು ಆಡಿ ಬೆಂಚಿಗೆ ಬರುವ ಆಟವದು. ಅಂಥ ರಭಸಕ್ಕೆ ಅಡ್ರಿನಲಿನ್ ಎಂಬ ಹಾರ್ಮೋನ್ ಉಕ್ಕಿ ಸಕ್ಕರೆ ಮೇಲಕ್ಕೂ ಏರಬಹುದು. ಏರಿತೆಂದು ಅವಸರದಲ್ಲಿ ಚುಚ್ಚಿಕೊಂಡರೆ ನಡುರಾತ್ರಿ ಪೆಟ್ಟು ಬೀಳುತ್ತದೆ, ಏಕೆಂದರೆ ದಣಿದ ಸ್ನಾಯುಗಳು ಖಾಲಿಯಾದ ದಾಸ್ತಾನು ತುಂಬಿಕೊಳ್ಳಲು ಗಂಟೆಗಟ್ಟಲೆ ಸಕ್ಕರೆ ಹೀರುತ್ತಲೇ ಇರುತ್ತವೆ.

ಕಳೆದ ವರ್ಷ ನಮ್ಮ ಹುಡುಗಿಯಲ್ಲಿ ವಿಚಿತ್ರ ಕಂಡೆವು. ಚಪಾತಿ ತಿಂದು ಲೆಕ್ಕದಂತೆ ಇನ್ಸುಲಿನ್ ತೆಗೆದುಕೊಂಡ ದಿನವೂ ಸಕ್ಕರೆ ಇಳಿಯುತ್ತಿತ್ತು. ಕದ್ದು ಆಡಿದ್ದಾಳೆಂದು ನಾವೇ ಬೈದೆವು. ಆ ಬೈಗುಳ ನೆನೆದರೆ ಈಗಲೂ ಸಂಕಟವಾಗುತ್ತದೆ. ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಆಗಿ ಸೀಲಿಯಾಕ್ ಎಂದು ತಿಳಿಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕಂಡರೆ ಅದೇ ಕಾವಲು ಪಡೆ ಕೆರಳಿ, ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ ಬೆರಳಿನಾಕಾರದ ಎಳೆಗಳನ್ನು ಸವೆಸಿಬಿಡುತ್ತದೆ. ತಿಂದದ್ದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಇನ್ಸುಲಿನ್ ಮಾತ್ರ ಪೂರ್ತಿ ಸೇರಿರುತ್ತದೆ. ಎರಡು ಕಾಯಿಲೆಗಳಿಗೂ ದಾರಿ ಮಾಡುವ ಕೆಲವು ಜೀನ್‌ಗಳು ಒಂದೇ.

ಡೋಮಿ ಬ್ರೆಡ್ಡಿನ ನಾಡಿನಲ್ಲಿ ಹುಟ್ಟಿದವನು. ನಮ್ಮ ಕಡೆ ಬೆಳಗ್ಗೆ ನೀರ್ದೋಸೆ, ರಾತ್ರಿ ಕುಚ್ಚಲಕ್ಕಿ ಗಂಜಿ, ಮಳೆಗಾಲದಲ್ಲಿ ಹಲಸಿನಹಣ್ಣಿನ ಕೊಟ್ಟಿಗೆ ಎಂಬ ಕಡುಬು. ಯಾವುದರಲ್ಲೂ ಗ್ಲುಟೆನ್ ಇಲ್ಲ. ಅಜ್ಜಿಯ ಅಡುಗೆಯೇ ಪಥ್ಯವೆಂದು ನಿಟ್ಟುಸಿರು ಬಿಟ್ಟೆವು. ಆದರೂ ರಕ್ತ ಪರೀಕ್ಷೆಯಲ್ಲಿ ಸೀಲಿಯಾಕ್ ಸೂಚಿಸುವ ಅಂಶ ಇಳಿಯಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಸಾಂಬಾರಿನ ಇಂಗಿನ ಡಬ್ಬಿ. ಅಂಗಡಿಯ ಪುಡಿ ಇಂಗಿಗೆ ಎಷ್ಟೋ ಕಡೆ ಮೈದಾ ಬೆರೆಸಿರುತ್ತಾರೆ. ಈಗ ತಂಗಿ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಾಳೆ.

ಆ ಫೈನಲ್‌ನ ಕಾಲಕ್ಕೆ ಡೋಮಿ ತೊಡುತ್ತಿದ್ದ ಜೆರ್ಸಿಯ ಸಂಖ್ಯೆ 16. ಟೈಪ್ 1 ಇದ್ದೂ ಫಿಲಡೆಲ್ಫಿಯಾ ತಂಡದ ನಾಯಕನಾಗಿ 1974, 1975ರಲ್ಲಿ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಗೆದ್ದ ಬಾಬಿ ಕ್ಲಾರ್ಕ್‌ನ ಸಂಖ್ಯೆ ಅದು. ನಮ್ಮವಳೂ ಅಂಗಿಯ ಬೆನ್ನಿಗೆ 16 ಬರೆಸಿಕೊಂಡಿದ್ದಾಳೆ.

ಮೊನ್ನೆ ಪಂದ್ಯ ಆಡಿ ಬಂದ ರಾತ್ರಿ ನಾನು ಅಲ್ಲೇ ಇದ್ದೆ. ಎರಡು ಗಂಟೆಗೆ ಅಲಾರಾಂ ಹೊಡೆಯಿತು. ತಂಗಿ ಟಾರ್ಚ್ ಹಿಡಿದು, ನಿದ್ದೆಗಣ್ಣಿನ ಹುಡುಗಿಯ ಬೆರಳಿಗೆ ಮೆಲ್ಲನೆ ಚುಚ್ಚಿದಳು. 64. ಗ್ಲೂಕೋಸ್ ನೀರು ಕುಡಿಸಿ ಕಾಲು ಗಂಟೆ ಕಾದೆವು. 98. ದೀಪ ಆರಿಸಿದೆವು.