ಪಾಠದ ಬಗ್ಗೆ ಎಸ್‌ಡಿಎಂಸಿ ಮಾತಾಡಬಹುದಾ?

ಪ್ರಶ್ನೆ: ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸದಸ್ಯ. ಓದಿದ್ದು ಏಳನೇ ತರಗತಿ ಮಾತ್ರ. ನಮ್ಮ ಸಭೆಯಲ್ಲಿ ಕಾಂಪೌಂಡು, ಬಿಸಿಯೂಟ, ನೀರಿನ ಟ್ಯಾಂಕು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಆದರೆ ಐದನೇ ತರಗತಿಯ ಎಷ್ಟೋ ಹುಡುಗರಿಗೆ ನೆಟ್ಟಗೆ ಓದಲು ಬರುವುದಿಲ್ಲ. ಪಾಠ ಸುಧಾರಿಸುವುದು ನಮ್ಮ ಕೆಲಸವಾ? ಮಾಸ್ತರರಿಗೆ ನಾವೇನು ಹೇಳಬಹುದು?
– ಬಸವನ ಬಾಗೇವಾಡಿ ತಾಲ್ಲೂಕಿನ ಒಬ್ಬ ತಂದೆ

ಉತ್ತರ: ಹೌದು, ಅದು ನಿಮ್ಮ ಕೆಲಸವೇ. ಕಾಂಪೌಂಡಿಗಿಂತ ಮೊದಲು ಬರಬೇಕಾದ ಕೆಲಸ. ಏಳನೇ ತರಗತಿ ಓದಿದವರು ಅದನ್ನು ಮಾಡಬಹುದು, ಶಾಲೆಯ ಮೆಟ್ಟಿಲು ಹತ್ತದವರೂ ಮಾಡಬಹುದು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಇಂಡಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಸಮಿತಿಯಲ್ಲಿ ನಾನೂ ಕೆಲವು ವರ್ಷ ಇದ್ದೆ. ಅಲ್ಲಿ ಕಂಡದ್ದನ್ನೂ ಕಾಯ್ದೆಯಲ್ಲಿ ಇರುವುದನ್ನೂ ಸೇರಿಸಿ ಹೇಳುತ್ತೇನೆ.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದಲ್ಲಿ ಇದು ಬಂತು. ಅದಕ್ಕೂ ಮೊದಲು ಗ್ರಾಮ ಶಿಕ್ಷಣ ಸಮಿತಿಗಳಿದ್ದವು. ಆಮೇಲೆ 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಅದರ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಯರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಮುಖ್ಯಗುರುಗಳು ಸದಸ್ಯ ಕಾರ್ಯದರ್ಶಿ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಎಂದು ಗಮನಿಸುವುದು ಸಮಿತಿಯ ಕೆಲಸ. (ಅನುದಾನಿತ ಶಾಲೆಗಳಲ್ಲಿ ಮತ್ತು ಅಲ್ಪಸಂಖ್ಯಾತರ ಶಾಲೆಗಳಲ್ಲಿ ಸಮಿತಿ ಸಲಹೆ ಮಾತ್ರ ಕೊಡಬಹುದು. ನಿಮ್ಮದು ಸರ್ಕಾರಿ ಶಾಲೆ, ಆ ತೊಡಕಿಲ್ಲ.)

ಶಾಲೆ ನಡೆಯುವುದು ಅಂದರೆ ಪಾಠ ನಡೆಯುವುದು ಅಲ್ವಾ? ಶಿಕ್ಷಕರು ಏನು ಮಾಡಬೇಕು ಎಂದು ಅದೇ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಬರಬೇಕು. ಪಠ್ಯ ಮುಗಿಸಬೇಕು. ಒಂದೊಂದು ಮಗುವಿನ ಕಲಿಕೆಯನ್ನೂ ಅಳೆದು, ಹಿಂದುಳಿದವರಿಗೆ ಹೆಚ್ಚಿಗೆ ಹೇಳಿಕೊಡಬೇಕು. ತಂದೆತಾಯಿಯರನ್ನು ಕರೆದು ಮಗುವಿನ ಹಾಜರಿ, ಕಲಿಕೆ ಎರಡನ್ನೂ ತಿಳಿಸಬೇಕು. ಹಾಗಾಗಿ "ಐದನೇ ತರಗತಿಯಲ್ಲಿ ಎಷ್ಟು ಮಕ್ಕಳು ಓದ್ತಾರ್ರಿ ಸರ್?" ಎಂದು ಸಭೆಯಲ್ಲಿ ಕೇಳಿದರೆ ಅದು ಅಧಿಕಪ್ರಸಂಗ ಅಲ್ಲ.

ಆದರೆ ಕೇಳುವ ರೀತಿ ತಪ್ಪಿದರೆ ಎಲ್ಲ ಕೆಡುತ್ತದೆ. ನಾವು ಕೆಡಿಸಿಕೊಂಡಿದ್ದೆವು. ಮೊದಲ ವರ್ಷ ನಮ್ಮಲ್ಲಿ ಮೂರು ಜನ ನೇರ ನಾಲ್ಕನೇ ತರಗತಿಗೆ ಹೋಗಿ, ಮಕ್ಕಳ ಎದುರಿಗೇ "ಏನ್ ಕಲಿಸೀರಿ ಅಕ್ಕೋರ ಇವಕ್ಕ?" ಎಂದು ಕೇಳಿದೆವು. ಆಕೆ ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತರು. ಮುಂದೆ ಎರಡು ತಿಂಗಳು ಸಭೆಯಲ್ಲಿ ಚಹಾ ಬಂತು, ಬಿಸ್ಕತ್ತು ಬಂತು, ಪಾಠದ ಸುದ್ದಿ ಮಾತ್ರ ಬರಲಿಲ್ಲ. ಹೇಗೆ ಕಲಿಸಬೇಕು ಎನ್ನುವುದು ಶಿಕ್ಷಕರ ವಿದ್ಯೆ. ಅದಕ್ಕೆ ನಾವು ಕೈ ಹಾಕಬಾರದು. ಮಗು ಕಲಿತಿದೆಯಾ, ಕಲಿಸಲು ಶಿಕ್ಷಕರಿಗೆ ಏನು ಅಡ್ಡ ಬರುತ್ತಿದೆ ಎನ್ನುವುದನ್ನು ನಾವು ಕೇಳಬೇಕು. ಈ ಗೆರೆ ನಮಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಬದಲಾವಣೆ ಶುರುವಾದದ್ದು ಒಂದು ಶನಿವಾರ. ಮುಖ್ಯಗುರುಗಳ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆವು. ಬೆಳಗಿನ ಶಾಲೆ ಮುಗಿದ ಮೇಲೆ ನಾಲ್ಕನೇ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ವರಾಂಡದಲ್ಲಿ ನಮ್ಮೆದುರು ಓದಬೇಕು, ಅಕ್ಕೋರು ಪಕ್ಕದಲ್ಲೇ ಕೂತಿರಬೇಕು, ಯಾರೂ ಯಾವ ಮಗುವಿಗೂ ಬೈಯಬಾರದು ಅಂತ ತೀರ್ಮಾನ.

ಒಬ್ಬ ಹುಡುಗ ಬಂದ. ಕನ್ನಡ ಪುಸ್ತಕ ತೆರೆದು ಗಳಗಳ ಒಂದು ಪುಟ ಹೇಳಿಬಿಟ್ಟ. ನಮಗೆಲ್ಲ ಖುಷಿ. ತಾಂಡಾದಿಂದ ಬಂದಿದ್ದ ಒಬ್ಬ ತಾಯಿ ಮಾತ್ರ ಸುಮ್ಮನೆ ಅವನ ಕೈ ನೋಡುತ್ತಿದ್ದರು. ಆಕೆ ನಡಾವಳಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವವರು. "ಬೆರಳು ಒಂದ ಕಡೆ ಐತ್ರಿ, ಬಾಯಿ ಮುಂದ ಹೊಂಟೈತಿ" ಅಂದರು.

ನಿಜ. ಹುಡುಗ ಪಾಠವನ್ನು ಬಾಯಿಪಾಠ ಮಾಡಿದ್ದ. ಅಕ್ಕೋರು ಮೆಲ್ಲಗೆ ಬೇರೆ ಪುಟ ತೆಗೆದು ಮಧ್ಯದ ಒಂದು ಶಬ್ದ ತೋರಿಸಿದರು. 'ಹಕ್ಕಿ' ಅಂತ ಇತ್ತು. ಅವನು 'ಹಕಿ' ಅಂದ. 'ಎತ್ತು' ಎನ್ನುವುದು 'ಎತು' ಆಯಿತು. ಕಾಗುಣಿತ ಬರುತ್ತಿತ್ತು, ಒತ್ತಕ್ಷರ ಬರುತ್ತಿರಲಿಲ್ಲ. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಎಷ್ಟು ವಾಕ್ಯ ಓದಬಹುದು ಹೇಳಿ? ಅವನ ಇಡೀ ಕಷ್ಟ ಆ ಒಂದು ಗಂಟಿನಲ್ಲಿತ್ತು. ಅದನ್ನು ನಮಗೆ ಮೊದಲು ಕಾಣಿಸಿದವರು ಓದು ಬರದ ಆ ತಾಯಿ. ನಿಮ್ಮ ಏಳನೇ ತರಗತಿ ಸಾಕು ಎಂದು ಹೇಳಿದ್ದು ಇದಕ್ಕೇ.

ಆ ದಿನ ಅಕ್ಕೋರು ಮೊದಲ ಸಲ ಮನಸ್ಸು ಬಿಚ್ಚಿದರು. "ನನಗ ಗೊತ್ತೈತ್ರಿ. ಆದ್ರ ನಾಕನೇದು ಐದನೇದು ಎರಡೂ ನಾನೇ ನೋಡ್ಬೇಕು, ಪಾಠನೂ ಮುಗಿಸ್ಬೇಕು. ಹಿಂದ ತಿರುಗಿ ಒತ್ತಕ್ಷರ ಯಾವಾಗ ಕಲಿಸ್ಲಿ?" ಎಂದರು. ದಾರಿಯನ್ನೂ ಅವರೇ ಹೇಳಿದರು. ದಿನಾ ಬೆಳಿಗ್ಗೆ ಒಂದು ಗಂಟೆ ತರಗತಿ ಲೆಕ್ಕ ಬಿಟ್ಟು, ಓದುವ ಮಟ್ಟ ನೋಡಿ ಎರಡೂ ತರಗತಿಯ ಮಕ್ಕಳನ್ನು ಗುಂಪು ಮಾಡುವುದು. ಅಕ್ಷರದ ಗುಂಪು, ಶಬ್ದದ ಗುಂಪು, ಕಥೆ ಓದುವ ಗುಂಪು. 'ಓದು ಕರ್ನಾಟಕ' ಕಾರ್ಯಕ್ರಮದಲ್ಲಿ ಇದೇ ರೀತಿ ಮಾಡುತ್ತಾರೆ. ಒಂದರಿಂದ ಮೂರನೇ ತರಗತಿವರೆಗೆ ಆಟ, ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿಯಲ್ಲೂ ಮಗು ತನ್ನ ಮೆಟ್ಟಿಲಿನಿಂದಲೇ ಮೇಲೆ ಹತ್ತುತ್ತದೆ. ವಿಧಾನ ಅವರಿಗೆ ಗೊತ್ತಿತ್ತು, ಇಲ್ಲದ್ದು ಸಮಯ. ಸಮಯ ಕಾಯುವ ಕೆಲಸ ಸಮಿತಿಗೆ ಬಂತು.

ಸಮಯದ ಲೆಕ್ಕ ಕೇಳಿ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕಡಿಮೆ ಅಂದರೂ 200 ದಿನ, 800 ಗಂಟೆ ಪಾಠ ಆಗಬೇಕು ಎಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಆರರಿಂದ ಎಂಟನೇ ತರಗತಿಗೆ 220 ದಿನ, 1,000 ಗಂಟೆ. ಚಿಕ್ಕ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆ ಆಯಿತು. ದಿನಾ ಅರ್ಧ ಗಂಟೆ ಪೋಲಾದರೆ ವರ್ಷಕ್ಕೆ 100 ಗಂಟೆ, ಅಂದರೆ 25 ದಿನದ ಪಾಠ. ಯಾರೂ ರಜೆ ಹಾಕದೆಯೇ ಒಂದು ತಿಂಗಳ ಶಾಲೆ ಮಾಯ!

ಆ ಅರ್ಧ ಗಂಟೆ ಎಲ್ಲಿ ಹೋಗುತ್ತದೆ ಎಂದು ನಾವು ಒಂದು ವಾರ ಬರೆದಿಟ್ಟೆವು. ಮೊಟ್ಟೆ ತರಲು ಹೋಗುವುದು, ಬ್ಯಾಂಕಿಗೆ ಹೋಗುವುದು, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಊರಿನ ಯಾರೋ ಬಂದು ದಾಖಲಾತಿ ಪತ್ರ ಕೇಳುತ್ತಾ ಬಾಗಿಲಲ್ಲಿ ನಿಲ್ಲುವುದು. ಮೊಟ್ಟೆ ತರುವುದನ್ನು ಇಬ್ಬರು ಸದಸ್ಯರು ವಹಿಸಿಕೊಂಡರು. ಪತ್ರ ಬೇಕಾದವರು ಮಧ್ಯಾಹ್ನ ಊಟದ ಹೊತ್ತಿಗೆ ಬರಲಿ ಎಂದು ಡಂಗುರ ಹೊಡೆಸಿದೆವು. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಬೆಳಗಿನ ಆ ಒಂದು ಗಂಟೆ ಉಳಿಯಿತು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎಂದು 27ನೇ ಕಲಂ ಹೇಳುತ್ತದೆ. ಇದು ಶಿಕ್ಷಕರ ಪರವಾಗಿ ಸಮಿತಿ ಗಟ್ಟಿಯಾಗಿ ಹೇಳಬೇಕಾದ ಮಾತು. ಶಿಕ್ಷಕರು ತಾವೇ ಹೇಳಿಕೊಂಡರೆ ಮೇಲಿನವರಿಗೆ ಸೋಮಾರಿತನದಂತೆ ಕೇಳುತ್ತದೆ, ಪೋಷಕರು ಹೇಳಿದರೆ ತೂಕ ಬೇರೆ.

ಲೆಕ್ಕದ ವಿಷಯಕ್ಕೂ ಇದೇ ರೀತಿ. ಅಂಕಪಟ್ಟಿ ನೋಡಬೇಡಿ, ಉತ್ತರ ಪತ್ರಿಕೆ ನೋಡಿ. 52ರಲ್ಲಿ 27 ಕಳೆ ಅಂದರೆ ನಮ್ಮ ಮಕ್ಕಳಲ್ಲಿ ಎಷ್ಟೋ ಜನ 35 ಬರೆದಿದ್ದರು. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲೇ ಎರಡು ಕಳೆದಿದ್ದಾರೆ. ಹತ್ತರ ಮನೆಯಿಂದ ಕಡ ತರುವುದು ತಿಳಿದಿಲ್ಲ ಎಂದು ಆ 35 ಬಾಯಿಬಿಟ್ಟು ಹೇಳುತ್ತದೆ. ಸಂತೆಯಲ್ಲಿ ಚಿಲ್ಲರೆ ಎಣಿಸುವ ಯಾವ ತಾಯಿಗಾದರೂ ಈ ತಪ್ಪು ಗೊತ್ತಾಗುತ್ತದೆ. ಇಂಥ ತಪ್ಪು ಒಂದೇ ತರಗತಿಯ ಹತ್ತು ಮಕ್ಕಳಲ್ಲಿ ಕಂಡರೆ, ಶಿಕ್ಷಕರ ಜೊತೆ ಮಾತಾಡಲು ಅದೊಂದೇ ಸಾಕು.

ನಮ್ಮ ಕಡೆ ಇನ್ನೆರಡು ಕಷ್ಟ ಇವೆ. ಬೆಂಗಳೂರಿನವರಿಗೆ ಅವು ಅಷ್ಟು ಬೇಗ ಹೊಳೆಯುವುದಿಲ್ಲ.

ಮೊದಲನೆಯದು ಗುಳೆ. ದೀಪಾವಳಿ ಆಗುತ್ತಿದ್ದಂತೆ ಕಬ್ಬು ಕಡಿಯಲು ಗ್ಯಾಂಗ್ ಹೊರಡುತ್ತವೆ. ಕೆಲವರು ಮಹಾರಾಷ್ಟ್ರಕ್ಕೆ, ಕೆಲವರು ಗೋವಾದ ಕಟ್ಟಡ ಕೆಲಸಕ್ಕೆ. ಮಕ್ಕಳೂ ಟ್ರ್ಯಾಕ್ಟರ್ ಹತ್ತುತ್ತಾರೆ. ನಾಲ್ಕೈದು ತಿಂಗಳ ನಂತರ ಬಂದಾಗ ಪಾಠ ಎಲ್ಲಿಗೋ ಹೋಗಿರುತ್ತದೆ. ಆ ಮಗು ಕೊನೆ ಬೆಂಚಿನಲ್ಲಿ ಕೂತು ನಾಚಿಕೊಂಡು, ಮುಂದಿನ ವರ್ಷ ಬರುವುದನ್ನೇ ಬಿಡುತ್ತದೆ. ಇದನ್ನು ಮಾಸ್ತರರು ಒಬ್ಬರೇ ತಡೆಯಲಾರರು. ಯಾವ ಮನೆಯವರು ಹೊರಡುತ್ತಾರೆ, ಕೂಲಿಯವರನ್ನು ಕರೆದೊಯ್ಯುವ ಯಾವ ಮುಕಾದಮನ ಹತ್ತಿರ ಮುಂಗಡ ತಗೊಂಡಿದ್ದಾರೆ ಎಂದು ಸಮಿತಿಯವರಿಗೆ ಗೊತ್ತಿರುತ್ತದೆ. ಅಕ್ಟೋಬರಿನಲ್ಲೇ ಆ ಮನೆಗಳಿಗೆ ಹೋಗಿ. ಅಜ್ಜಿ ಹತ್ತಿರ ಮಗುವನ್ನು ಬಿಡಲು ಆಗುತ್ತದಾ ಕೇಳಿ. ಆಗದ ಮಕ್ಕಳ ಪಟ್ಟಿ ಮಾಡಿ, ಋತುಮಾನದ ವಸತಿ ವ್ಯವಸ್ಥೆ ಬೇಕು ಎಂದು ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಶಾಲೆಗಳಿಗೆ ಅನುದಾನ ಕೊಡುವ ಸರ್ಕಾರದ 'ಸಮಗ್ರ ಶಿಕ್ಷಣ' ಯೋಜನೆಯಲ್ಲಿ ಅದಕ್ಕೆ ಅವಕಾಶ ಇದೆ. ಹೋದ ಮಗು ವಾಪಸ್ ಬಂದರೆ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು ಮಾಡಲು ಬೆಳಗಿನ ಆ ಗುಂಪು ಇರುತ್ತದೆ.

ಎರಡನೆಯದು ಮನೆಮಾತು. ತಾಂಡಾದ ಮಗು ಲಂಬಾಣಿ ಮಾತಾಡುತ್ತಾ ಬರುತ್ತದೆ. ಬೆಳಗಾವಿ, ನಿಪ್ಪಾಣಿ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ. ಒಂದನೇ ತರಗತಿಯಲ್ಲಿ ಮಗು ಸುಮ್ಮನೆ ಕೂತರೆ ದಡ್ಡ ಎಂದುಕೊಳ್ಳುತ್ತಾರೆ. ಅದಕ್ಕೆ ಪಾಪ, ಮಾತೇ ತಿಳಿದಿರುವುದಿಲ್ಲ. ನಮ್ಮಲ್ಲಿ ಆ ತಾಂಡಾದ ತಾಯಿಯೇ ವಾರಕ್ಕೆರಡು ದಿನ ಬಂದು ನಲಿಕಲಿ ಕೋಣೆಯಲ್ಲಿ ಕೂರತೊಡಗಿದರು. ಚಿತ್ರ ನೋಡಿ ಮಗು ತನ್ನ ಮಾತಿನಲ್ಲಿ ಏನೋ ಹೇಳಿದರೆ ಅಕ್ಕೋರಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಇದಕ್ಕೆ ಸಂಬಳ ಇಲ್ಲ, ಹುದ್ದೆ ಇಲ್ಲ. ಆದರೆ ಬಾಯಿ ಬಿಡದೇ ಇದ್ದ ಮಕ್ಕಳು ಮಾತಾಡತೊಡಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಶಿಕ್ಷಕರೇ ಸಾಲದಿದ್ದರೆ? ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಇರಬೇಕು. ನಿಮ್ಮ ಶಾಲೆಯ ಲೆಕ್ಕ ಹಾಕಿ. ಕಡಿಮೆ ಇದ್ದರೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಠರಾವು ಬರೆದು, ಅದಕ್ಕೆ ಮಕ್ಕಳ ಸಂಖ್ಯೆ ಜೋಡಿಸಿ, ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರನ್ನು ಕೇಳಿ. ಶಿಕ್ಷಕರು ಇದ್ದೂ ಕಲಿಸಲು ಕಷ್ಟಪಡುತ್ತಿದ್ದರೆ ಸಿಆರ್‌ಪಿಯವರನ್ನು (ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕರೆಸಿ. ತರಗತಿಯಲ್ಲಿ ಕೂತು ನೋಡಿ, ಬೇಕಾದರೆ ಪಾಠ ಮಾಡಿ ತೋರಿಸುವುದು ಅವರ ಕೆಲಸವೇ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ ಬರುತ್ತದೆ. ಎಲ್ಲವನ್ನೂ ಬಣ್ಣಕ್ಕೆ, ದುರಸ್ತಿಗೆ ಹಾಕಬೇಡಿ. ಒಂದಿಷ್ಟು ಕಥೆ ಪುಸ್ತಕ, ಸ್ಲೇಟು, ಎಣಿಸುವ ಮಣಿಗೂ ಹೋಗಲಿ.

ಮುಂದಿನ ಸಭೆಗೆ ಮುಂಚೆ ಮುಖ್ಯಗುರುಗಳನ್ನು ಒಬ್ಬರೇ ಇದ್ದಾಗ ಭೇಟಿಯಾಗಿ. "ಸರ್, ತಪ್ಪು ಹುಡುಕಾಕ ಅಲ್ರಿ, ನಮ್ಮಿಂದ ಏನ್ ಆಗ್ತೈತಿ ನೋಡೂಣು" ಎನ್ನಿ. ಒಪ್ಪಿದರೆ ನೋಟೀಸಿನಲ್ಲಿ ಮೊದಲ ವಿಷಯವಾಗಿ 'ಐದನೇ ತರಗತಿ ಮಕ್ಕಳ ಓದು' ಎಂದು ಬರೆಸಿ, ಕಾಂಪೌಂಡು ಎರಡನೆಯದಾಗಲಿ. ಎಷ್ಟು ಮಕ್ಕಳು ಅಕ್ಷರದಲ್ಲಿದ್ದಾರೆ, ಎಷ್ಟು ಶಬ್ದದಲ್ಲಿ, ಎಷ್ಟು ಕಥೆ ಓದುತ್ತಾರೆ ಎಂದು ನಡಾವಳಿಯಲ್ಲಿ ಬರೆದಿಡಿ. ಮಗುವಿನ ಹೆಸರು ಬೇಡ, ಎಣಿಕೆ ಸಾಕು. ಎರಡು ತಿಂಗಳ ನಂತರ ಅದೇ ಪುಟ ತೆರೆದು, ಪಕ್ಕದಲ್ಲಿ ಹೊಸ ಎಣಿಕೆ ಬರೆಯಿರಿ. ಡಿಸೆಂಬರಿನಲ್ಲಿ ಶಾಲಾ ಅಭಿವೃದ್ಧಿ ಯೋಜನೆಗೆ ಕೂತಾಗ ಆ ಪುಟವನ್ನೇ ಮುಂದಿಟ್ಟುಕೊಳ್ಳಿ.