ಅನೌನ್ಸರ್‌ಗೆ ಎಲ್ಲಿಯ ಲೈಸೆನ್ಸ್?

ಕುಂಬಳೆ, ಬದಿಯಡ್ಕದ ಕಡೆಯ ಆಮಂತ್ರಣ ಪತ್ರಗಳಲ್ಲಿ ನಿರೂಪಕರ ಹೆಸರಿನ ಕೆಳಗೆ ಈಚೆಗೆ ಒಂದು ಸಾಲು ಜಾಸ್ತಿಯಾಗಿದೆ: ‘ಆಕಾಶವಾಣಿ ಲೈಸೆನ್ಸ್ ಪಡೆದವರು’. ಅಂಥದ್ದೊಂದು ಲೈಸೆನ್ಸೇ ಇಲ್ಲ. ನಮ್ಮ ದೇಶದಲ್ಲಿ ರೇಡಿಯೋದಲ್ಲಿ ಕಾರ್ಯಕ್ರಮ ನಿರೂಪಿಸೋದಕ್ಕೆ ಯಾರೂ ಲೈಸೆನ್ಸ್ ಮಾಡಿಸಬೇಕಾಗಿಲ್ಲ.

ಲೈಸೆನ್ಸ್ ಬೇಕಾಗುವುದು ನಿಲಯಕ್ಕೆ. ಖಾಸಗಿ ಎಫ್‌ಎಂ ಕಂಪನಿ ಹರಾಜಿನಲ್ಲಿ ತರಂಗಾಂತರ ಹಿಡಿಯಬೇಕು, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಟ್ರಾನ್ಸ್‌ಮಿಟರ್ ನಡೆಸಲು ಬೇರೆ ಲೈಸೆನ್ಸ್ ತರಬೇಕು. ಸಮುದಾಯ ರೇಡಿಯೋಗೆ ಹರಾಜಿಲ್ಲ, ಅನುಮತಿ ಮಾತ್ರ ಬೇಕೇ ಬೇಕು. ಮೈಕಿನ ಮುಂದೆ ಯಾರನ್ನು ಕೂರಿಸಬೇಕು ಅನ್ನೋದು ನಿಲಯದವರಿಗೆ ಬಿಟ್ಟದ್ದು.

ಹಾಗಾದರೆ ಇವರ ಹತ್ತಿರ ಇರುವುದೇನು? ಹೆಚ್ಚಾಗಿ ‘ವಾಣಿ’ ಅನ್ನುವ ಆಕಾಶವಾಣಿ ತರಬೇತಿಯ ಸರ್ಟಿಫಿಕೇಟ್. ಆಕಾಶವಾಣಿಯಲ್ಲಿ ಕ್ಯಾಶುವಲ್ ಅನೌನ್ಸರ್ ಆಗಬೇಕಾದರೆ ಮೊದಲು ಲಿಖಿತ ಪರೀಕ್ಷೆ. ಆಮೇಲೆ ಧ್ವನಿ ಪರೀಕ್ಷೆ. ಅಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ‘ಶ’, ‘ಷ’ ಎಲ್ಲ ಬಯಲಿಗೆ ಬರುತ್ತದೆ. ‘ಹಾಸನ’ ‘ಆಸನ’ವಾದರೆ ಕಥೆ ಮುಗಿಯಿತು. ಪಾಸಾದವರಿಗೆ ವಾಣಿ ತರಬೇತಿ, ಆಮೇಲೆ ಪ್ಯಾನೆಲ್‌ನಲ್ಲಿ ಹೆಸರು. ಅದೂ ಕಾಯಂ ಕೆಲಸವಲ್ಲ. ತಿಂಗಳಿಗೆ ಕೆಲವು ಡ್ಯೂಟಿ, ಅಷ್ಟಕ್ಕೆ ಸಂಭಾವನೆ. ಇದನ್ನು ಆಯ್ಕೆ ಅನ್ನಿ, ತರಬೇತಿ ಅನ್ನಿ. ಲೈಸೆನ್ಸ್ ಅಂತ ಯಾಕೆ ಅನ್ನಬೇಕು? ಸುಮ್ನೆ ತೂಕಕ್ಕೆ.

‘ಬಿ ಹೈ ಗ್ರೇಡ್ ಅನೌನ್ಸರ್’ ಅಂತಲೂ ಒಂದು ಕಡೆ ಕಂಡೆ. ಬಿ, ಬಿ ಹೈ, ಎ, ಟಾಪ್ ಅನ್ನುವ ಶ್ರೇಣಿಗಳು ಆಕಾಶವಾಣಿಯ ಸಂಗೀತ, ನಾಟಕದ ಕಲಾವಿದರಿಗೆ. ಹಾಡಿ ಪಡೆದ ಗ್ರೇಡನ್ನು ನಿರೂಪಣೆಗೆ ಅಂಟಿಸಿದರೆ ಹೇಗೆ?

ವ್ಯಕ್ತಿಯ ಹೆಸರಿಗೇ ಸಿಗುವ ರೇಡಿಯೋ ಲೈಸೆನ್ಸ್ ಒಂದಿದೆ, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಹ್ಯಾಮ್‌ನವರದ್ದು. ಪರೀಕ್ಷೆ ಬರೆಯಬೇಕು, ‘ವಿಯು’ದಿಂದ ಶುರುವಾಗುವ ಕರೆಸಂಕೇತ ಸಿಗುತ್ತದೆ. ಆದರೆ ಅದರಲ್ಲಿ ಹಾಡು ಹಾಕುವ ಹಾಗಿಲ್ಲ, ಜಾಹೀರಾತು ಓದುವ ಹಾಗಿಲ್ಲ. ಹ್ಯಾಮ್‌ನವರು ಅನೌನ್ಸರ್‌ಗಳಲ್ಲ.

ಇನ್ನು ಅಜ್ಜನ ಕಾಲದ ರೇಡಿಯೋ ಲೈಸೆನ್ಸ್. ಅದು ಕೇಳುವವರದ್ದು! 1980ರ ದಶಕದವರೆಗೂ ಮನೆಯಲ್ಲಿ ರೇಡಿಯೋ ಇಟ್ಟವರು ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ಅಮೆರಿಕದಲ್ಲಿ ಒಂದು ಕಾಲಕ್ಕೆ ಅನೌನ್ಸರ್‌ಗಳಿಗೂ ಆಪರೇಟರ್ ಪರ್ಮಿಟ್ ಬೇಕಾಗುತ್ತಿತ್ತು ನಿಜ. ಅದು ಮಾತಿಗಲ್ಲ. ಸಣ್ಣ ನಿಲಯಗಳಲ್ಲಿ ಟ್ರಾನ್ಸ್‌ಮಿಟರ್‌ನ ಮೀಟರ್ ನೋಡಿ ಬರೆದಿಡುವ ಕೆಲಸವೂ ಅವರದ್ದೇ ಆಗಿತ್ತು, ಅದಕ್ಕೆ.

ನಮ್ಮಲ್ಲಿ ಜೀಪಿಗೆ ಮೈಕ್ ಕಟ್ಟಿ ಬಯಲಾಟದ ಪ್ರಚಾರ ಮಾಡುವವರನ್ನೂ ಅನೌನ್ಸರ್ ಅನ್ನುತ್ತೇವೆ ಅಲ್ವಾ, ಗೊಂದಲಕ್ಕೆ ಅದೂ ಒಂದು ಕಾರಣ. ಅಲ್ಲಿ ಪರ್ಮಿಷನ್ ಬೇಕು, ಹೌದು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಕಾಗದದಲ್ಲಿ ಬರುವುದು ಮೈಕಿನ ವಿಷಯ. ಮಾತಾಡುವವನ ಧ್ವನಿ ಹೇಗಿದೆ ಅಂತ ಪೊಲೀಸ್ ಸ್ಟೇಷನ್ನಿನಲ್ಲಿ ಯಾರೂ ಕೇಳುವುದಿಲ್ಲ.